ಬಳೆಗೆ ಕೈ ಅಳೆಯುತ್ತೇವೆ, ಮುಟ್ಟಿನ ಕಪ್ಪಿಗೆ ಮಕ್ಕಳನ್ನು ಎಣಿಸುತ್ತೇವೆ

ಸಂಪಾದಕರಿಗೆ,

ಮಾನ್ಯರೇ,

ಮುಟ್ಟಿನ ಕಪ್ ಎಂದರೆ ಮುಟ್ಟಿನ ರಕ್ತ ಹಿಡಿಯಲು ಯೋನಿಯೊಳಗೆ ಇಟ್ಟುಕೊಳ್ಳುವ, ತೊಳೆದು ಮತ್ತೆ ಬಳಸುವ ಪುಟ್ಟ ಬಟ್ಟಲು. ಅದರ ಡಬ್ಬಿ ತಿರುಗಿಸಿ ಓದಿದರೆ ಹೆಚ್ಚಿನ ಕಂಪನಿಗಳದ್ದು ಒಂದೇ ಮಾತು: 30 ದಾಟಿದವರಿಗೆ, ಹೆರಿಗೆಯಾದವರಿಗೆ ದೊಡ್ಡ ಸೈಜು, ಉಳಿದವರಿಗೆ ಸಣ್ಣದು. ಈ ಒಂದು ಸಾಲು ನಂಬಿ ಕಪ್ ಕೊಂಡ ಎಷ್ಟೋ ತಾಯಂದಿರು ಎರಡು ತಿಂಗಳಲ್ಲಿ ಅದನ್ನು ಟ್ರಂಕಿನ ತಳಕ್ಕೆ ಹಾಕಿ ಮತ್ತೆ ಪ್ಯಾಡಿಗೋ ಹಳೆ ಸೀರೆಯ ಬಟ್ಟೆಗೋ ಮರಳುತ್ತಾರೆ. ಯಾಕೆ ಬಿಟ್ಟಿರಿ ಎಂದರೆ, ಸೋರುತ್ತದೆ, ಜಾರುತ್ತದೆ, ತೆಗೆಯುವಾಗ ಜೀವ ಹೋಗುತ್ತದೆ ಎಂಬ ಉತ್ತರ. ಮೂರಕ್ಕೂ ಪರಿಹಾರ ಇದೆ. ಆದರೆ ಹೇಳುವವರಿಲ್ಲ. ಕಪ್ಪಿನ ಕುರಿತು ಸರ್ಕಾರ ನಡೆಸಿದ ಪ್ರಯತ್ನ ಹದಿಹರೆಯದ ಹುಡುಗಿಯರನ್ನು ಗಮನದಲ್ಲಿಟ್ಟುಕೊಂಡದ್ದು. ದಕ್ಷಿಣ ಕನ್ನಡ, ಚಾಮರಾಜನಗರ ಜಿಲ್ಲೆಗಳಲ್ಲಿ ‘ಮೈತ್ರಿ’ ಹೆಸರಿನಲ್ಲಿ ಕಪ್ ಹಂಚಿದ್ದು ಅವರಿಗೇ. ಹೆತ್ತವಳ ದೇಹದ ಲೆಕ್ಕ ಬೇರೆ. ಅದನ್ನು ಸ್ವಲ್ಪ ವಿವರವಾಗಿಯೇ ಬರೆಯುತ್ತಿದ್ದೇವೆ, ಜಾಗ ಕೊಡಬೇಕು.

ಮೊದಲು ಯಾವಾಗ ಎಂಬ ಪ್ರಶ್ನೆ. ಹೆರಿಗೆಯ ನಂತರ ವಾರಗಟ್ಟಲೆ ಹೋಗುವ ಸ್ರಾವಕ್ಕೆ ಕಪ್ ಹಾಕಲೇಬಾರದು. ಮಾಸು ಅಂಟಿದ್ದ ಜಾಗ ಗರ್ಭಕೋಶದೊಳಗೆ ಹಸಿ ಗಾಯದಂತೆ ಇರುತ್ತದೆ, ಗರ್ಭಕೋಶದ ಬಾಯಿಯೂ ಪೂರ್ತಿ ಮುಚ್ಚಿರುವುದಿಲ್ಲ. ಹೊರಗಿನಿಂದ ಏನೇ ಒಳಗಿಟ್ಟರೂ ಸೋಂಕಿಗೆ ದಾರಿ. ಆಗ ಪ್ಯಾಡೇ ಸರಿ, ಬಾಣಂತನದ ಬಟ್ಟೆಯೂ ಸರಿ, ಆದರೆ ಅದು ಬಿಸಿಲಲ್ಲಿ ಒಣಗಿದ್ದಿರಬೇಕು, ಬಚ್ಚಲ ಸಂದಿಯಲ್ಲಿ ಅಲ್ಲ. ಕನಿಷ್ಠ 6 ವಾರ ಕಳೆದು, ಹೊಲಿಗೆ ಮಾಯ್ದು, ಸ್ರಾವ ಪೂರ್ತಿ ನಿಂತು, ತಪಾಸಣೆ ಮಾಡಿದ ವೈದ್ಯರು ಹೂಂ ಅಂದ ಮೇಲೆ ಕಪ್ಪಿನ ಮಾತು. ಸಿಸೇರಿಯನ್ ಆದವರಿಗೂ ಇದೇ ಲೆಕ್ಕ. ಹೊಟ್ಟೆಯ ಮೇಲಿನ ಗಾಯ ಬೇರೆ, ಒಳಗಿನ ಗಾಯ ಎಲ್ಲರಿಗೂ ಒಂದೇ. ಹೆರಿಗೆಯಲ್ಲಿ ಗುದದ್ವಾರದವರೆಗೂ ಹರಿದು ಹೊಲಿಗೆ ಬಿದ್ದಿದ್ದರೆ 6 ವಾರ ಸಾಲದು, ವೈದ್ಯರನ್ನು ಕೇಳದೆ ಮುಟ್ಟಬಾರದು.

ಎದೆಹಾಲು ಮಾತ್ರ ಕುಡಿಸುತ್ತಿದ್ದರೆ ಮುಟ್ಟು ಎಷ್ಟೋ ತಿಂಗಳು ಬಾರದೇ ಇರಬಹುದು. ಹಾಗಂತ ಬಸಿರು ನಿಲ್ಲುವುದಿಲ್ಲ ಎಂದು ಧೈರ್ಯ ಮಾಡಬಾರದು, ಮೊದಲ ಮುಟ್ಟಿಗೆ ಮುಂಚೆಯೇ ಅಂಡಾಣು ಬಿಡುಗಡೆಯಾಗಬಹುದು. ಕಪ್ಪಿಗೂ ಗರ್ಭನಿರೋಧಕ್ಕೂ ಯಾವ ಸಂಬಂಧವೂ ಇಲ್ಲ. ಹಾಲೂಡಿಸುವ ದಿನಗಳಲ್ಲಿ ಈಸ್ಟ್ರೋಜನ್ ಕಡಿಮೆ ಇರುವುದರಿಂದ ಯೋನಿಯ ಒಳಪದರ ತೆಳುವಾಗಿ ಒಣಗಿರುತ್ತದೆ. ಮೊದಲ ಹೆರಿಗೆಗೆ ಮುಂಚೆ ಸಲೀಸಾಗಿ ಕಪ್ ಹಾಕುತ್ತಿದ್ದವಳಿಗೂ ಈಗ ಉರಿ ಬರುವುದು ಇದೇ ಕಾರಣಕ್ಕೆ. ಕಪ್ಪಿನ ಅಂಚನ್ನು ಶುದ್ಧ ನೀರಲ್ಲಿ ಒದ್ದೆ ಮಾಡಿಕೊಂಡರೆ ಅರ್ಧ ಕಷ್ಟ ಕಳೆಯುತ್ತದೆ. ಸಾಲದಿದ್ದರೆ ಔಷಧ ಅಂಗಡಿಯ ನೀರಿನಂಶದ ಜೆಲ್ಲಿ ಸಾಕು. ಕೊಬ್ಬರಿ ಎಣ್ಣೆ, ತುಪ್ಪ, ವ್ಯಾಸಲೀನ್ ಬೇಡ. ರಬ್ಬರ್ ಕಪ್ ಎಣ್ಣೆಗೆ ಹಾಳಾಗುತ್ತದೆ, ಸಿಲಿಕೋನ್ ಕಪ್ಪಿನ ಮೇಲೆ ಜಿಡ್ಡು ಕೂತರೆ ತೊಳೆದರೂ ಸುಲಭಕ್ಕೆ ಹೋಗುವುದಿಲ್ಲ. ಸಿಲಿಕೋನ್ ಜೆಲ್ಲಿಯಂತೂ ಸಿಲಿಕೋನ್ ಕಪ್ಪನ್ನೇ ಹಾಳುಮಾಡಬಹುದು.

ಇನ್ನು ಸೈಜು. ಬಳೆಗಾರ ಕೈ ಹಿಡಿದು ನೋಡಿ ಬಳೆ ಆರಿಸುತ್ತಾನೆಯೇ ಹೊರತು ನಿನಗೆ ಎಷ್ಟು ಮಕ್ಕಳು ಎಂದು ಕೇಳುವುದಿಲ್ಲ. ಸಣ್ಣ ಕಪ್ಪಿಗೂ ದೊಡ್ಡದಕ್ಕೂ ಬಾಯಿಯ ಅಗಲದಲ್ಲಿ ಇರುವ ವ್ಯತ್ಯಾಸ ಸಾಮಾನ್ಯವಾಗಿ ನಾಲ್ಕೈದು ಮಿಲಿಮೀಟರ್, ಅಷ್ಟೆ. ಎತ್ತರ, ಗಡಸುತನ ಮಾತ್ರ ಕಂಪನಿಯಿಂದ ಕಂಪನಿಗೆ ಬಹಳ ಬೇರೆ, ಕಷ್ಟ ಕೊಡುವುದೂ ಅವೇ.

ನೋಡಬೇಕಾದದ್ದು ಮೊದಲು ಗರ್ಭಕೋಶದ ಬಾಯಿ ಎಷ್ಟು ಮೇಲಿದೆ ಎಂಬುದು. ಮುಟ್ಟಿನ ಎರಡನೇ ದಿನ ಕೈ ಸೋಪಿನಲ್ಲಿ ತೊಳೆದು, ಉಗುರು ಕತ್ತರಿಸಿ, ಕುಕ್ಕರಗಾಲಲ್ಲಿ ಕೂತು ನಡುಬೆರಳು ಒಳಗೆ ಹಾಕಿದರೆ ಮೂಗಿನ ತುದಿಯಂತೆ ಗಟ್ಟಿಯಾದದ್ದು ತಾಕುತ್ತದೆ. ಬೆರಳಿನ ಮೊದಲ ಗೆಣ್ಣಿಗೇ ತಾಕಿದರೆ ತಗ್ಗು, ಎರಡನೇ ಗೆಣ್ಣಿನ ಹತ್ತಿರ ತಾಕಿದರೆ ನಡುಮಟ್ಟ, ಇಡೀ ಬೆರಳು ಹೋದರೂ ಸಿಗದಿದ್ದರೆ ಎತ್ತರ. ಹೆರಿಗೆಯಾದ ಎಷ್ಟೋ ಜನರಲ್ಲಿ ಇದು ಮುಂಚಿಗಿಂತ ತಗ್ಗಿಗೆ ಬಂದಿರುತ್ತದೆ. ಅಂಥವರಿಗೆ ಉದ್ದನೆಯ ದೊಡ್ಡ ಕಪ್ ಕೊಟ್ಟರೆ ಅದರ ತಳದಲ್ಲಿರುವ ಬಾಲ ಹೊರಗೆ ಇಣುಕಿ ಕೂತಾಗ, ಸೈಕಲ್ ಹೊಡೆದಾಗ ಚುಚ್ಚುತ್ತದೆ. ಕುಳ್ಳಗಿನ, ಅಗಲ ಬಾಯಿಯ ಕಪ್ ಅವರಿಗೆ ಬೇಕು. ಅಳೆಯಲು ಮುಟ್ಟಿನ ದಿನವೇ ಆಗಬೇಕು, ಬೇರೆ ದಿನ ಗರ್ಭಕೋಶದ ಬಾಯಿ ಮೇಲೆ-ಕೆಳಗೆ ಆಗುತ್ತಿರುತ್ತದೆ. ಡಬ್ಬಿಯ ಮೇಲೆ ಕಪ್ಪಿನ ಉದ್ದ ಬರೆದಿರುತ್ತದೆ. ಬಾಲ ಬಿಟ್ಟು ಕಪ್ಪಿನ ಒಡಲಿನ ಉದ್ದವನ್ನು ಬೆರಳಿನ ಅಳತೆಗೆ ಹೋಲಿಸಿ ನೋಡಬೇಕು.

ಆಮೇಲೆ ತಳಸ್ನಾಯುವಿನ ಬಲ, ಅಂದರೆ ಮೂತ್ರ ಬಿಗಿಹಿಡಿಯುವ ಸ್ನಾಯು. ಕೆಮ್ಮಿದಾಗ, ತುಂಬಿದ ಕೊಡ ಎತ್ತಿದಾಗ ಮೂತ್ರ ಚಿಮ್ಮುತ್ತದೆಯೇ? ಹಾಗಿದ್ದರೆ ಸ್ನಾಯು ಸಡಿಲವಾಗಿದೆ, ಸಣ್ಣ ಮೆತ್ತನೆ ಕಪ್ ಕೆಳಗೆ ಜಾರಬಹುದು. ಅಂಗಡಿಯವರು ಗಡಸು ಕಪ್ ಕೊಡುತ್ತಾರೆ. ಆದರೆ ಗಡಸು ಕಪ್ಪಿನ ಅಂಚು ಮೂತ್ರಕೋಶ ಒತ್ತಿ ಪದೇ ಪದೇ ಬಚ್ಚಲಿಗೆ ಓಡಿಸುತ್ತದೆ, ಮೂತ್ರ ಎಳೆ ಎಳೆಯಾಗಿ ಬರುತ್ತದೆ. ಇಲ್ಲಿ ನಡುಗಡಸಿನದು ಆರಿಸಿ, ಜೊತೆಗೆ ವ್ಯಾಯಾಮ ಹಿಡಿಯುವುದೇ ಜಾಣತನ: ಮೂತ್ರ ತಡೆದ ಹಾಗೆ ಸ್ನಾಯು ಮೇಲಕ್ಕೆ ಬಿಗಿಹಿಡಿದು 5 ಎಣಿಸಿ ಸಡಿಲಿಸುವುದು, ಒಮ್ಮೆಗೆ 10 ಸಲ, ದಿನಕ್ಕೆ ಮೂರು ಹೊತ್ತು. ಕ್ರಮೇಣ ಎಣಿಕೆ 10ಕ್ಕೆ ಏರಿಸಬಹುದು. ರೊಟ್ಟಿ ಬಡಿಯುತ್ತಲೇ ಮಾಡಬಹುದು, ಪಕ್ಕದವರಿಗೂ ಗೊತ್ತಾಗುವುದಿಲ್ಲ.

ಕೊನೆಗೆ ಹರಿವು. ಒಂದು ಮುಟ್ಟಿನಲ್ಲಿ ಸಾಮಾನ್ಯವಾಗಿ ಹೋಗುವ ರಕ್ತ 30ರಿಂದ 40 ಮಿಲಿಲೀಟರ್, ಅಂದರೆ ಚಹದ ಸಣ್ಣ ಕಪ್ಪಿನ ಅರ್ಧದಷ್ಟು. ಬಟ್ಟೆಯ ಮೇಲೆ ಹರಡಿದಾಗ ಬಹಳ ಅನಿಸುತ್ತದೆ, ಅಷ್ಟೆ. ಸಣ್ಣ ಕಪ್ಪೂ 20 ಮಿಲಿಲೀಟರ್ ಆಸುಪಾಸು ಹಿಡಿಯುತ್ತದೆ. ಹಾಗಾಗಿ ಮಕ್ಕಳಾಗಿವೆ, ರಕ್ತ ಜಾಸ್ತಿ ಎಂಬ ಊಹೆಯ ಮೇಲೆ ದೊಡ್ಡದು ಕೊಳ್ಳುವುದು ವ್ಯರ್ಥ. ಸಿಸೇರಿಯನ್ ಆದವರಿಗೆ ಎಷ್ಟೋ ಸಲ ಸಣ್ಣದೇ ಸರಿಹೊಂದುತ್ತದೆ.

ಹಾಕುವ ವಿಧಾನಕ್ಕೆ ಬರೋಣ. ಹಲವು ಮಡಿಕೆಗಳಿವೆ, ಹೊಲಿಗೆ ಬಿದ್ದ ಜಾಗ ನೋಯುವವರಿಗೆ ಒಳಮಡಿಕೆ ಲೇಸು. ಕಪ್ಪಿನ ಅಂಚಿನ ಒಂದು ಕಡೆಗೆ ತೋರುಬೆರಳಿಟ್ಟು ತಳದವರೆಗೆ ಒಳಕ್ಕೆ ಒತ್ತಿ, ಉಳಿದ ಎರಡೂ ಬದಿ ಹಿಡಿದರೆ ತುದಿ ಮೊಗ್ಗಿನಷ್ಟು ಚೂಪಾಗುತ್ತದೆ. ಕುಕ್ಕರಗಾಲಲ್ಲಿ ಕೂತು, ಉಸಿರು ಬಿಡುತ್ತ, ನೇರ ಮೇಲಕ್ಕಲ್ಲ, ಬೆನ್ನುಮೂಳೆಯ ಕೊನೆಯ ಕಡೆಗೆ ಓರೆಯಾಗಿ ತಳ್ಳಬೇಕು. ನೇರ ಮೇಲಕ್ಕೆ ತಳ್ಳುವುದೇ ಮೊದಲ ತಿಂಗಳು ಎಲ್ಲರೂ ಮಾಡುವ ತಪ್ಪು. ಒಳಗೆ ಹೋದ ಮೇಲೆ ಬೆರಳು ಬಿಟ್ಟರೆ ಕಪ್ ಬಿಚ್ಚಿಕೊಳ್ಳುತ್ತದೆ. ತಳದ ಸುತ್ತ ಬೆರಳಾಡಿಸಿ ನೋಡಿದರೆ ದುಂಡಗೆ ಇರಬೇಕು. ಎಲ್ಲಾದರೂ ತಗ್ಗು ಸಿಕ್ಕರೆ ಮಡಿಕೆ ಬಿಚ್ಚಿಲ್ಲ, ತಳ ಹಿಡಿದು ನಿಧಾನ ತಿರುಗಿಸಬೇಕು. ಬಾಲವನ್ನು ಮೆಲ್ಲಗೆ ಜಗ್ಗಿದಾಗ ಹಿಡಿದುಕೊಂಡಂತೆ ಅನಿಸಿದರೆ ಕೂತಿದೆ ಎಂದರ್ಥ. ಮುಟ್ಟಿಲ್ಲದ ದಿನ ಒಣಗಿದ್ದಾಗ ಅಭ್ಯಾಸ ಮಾಡಲು ಹೋಗಬೇಡಿ. ಮನೆಯಲ್ಲಿರುವ ದಿನ, ಹರಿವು ಚೆನ್ನಾಗಿರುವಾಗ, ಮಗು ಮಲಗಿದ ಹೊತ್ತು ನೋಡಿ ಶುರು ಮಾಡಿ, ಮೊದಲ ಎರಡು ಮೂರು ತಿಂಗಳು ಹೊರಗೆ ತೆಳು ಬಟ್ಟೆಯೂ ಇರಲಿ. 2019ರಲ್ಲಿ ಲ್ಯಾನ್ಸೆಟ್ ಪಬ್ಲಿಕ್ ಹೆಲ್ತ್ ಪತ್ರಿಕೆ 43 ಅಧ್ಯಯನಗಳನ್ನು ಒಟ್ಟುಮಾಡಿ ನೋಡಿದ ವರದಿ ಪ್ರಕಟಿಸಿತು. ಕಪ್ಪಿನ ಸೋರಿಕೆ ಪ್ಯಾಡಿನಷ್ಟೇ ಅಥವಾ ಅದಕ್ಕಿಂತ ಕಡಿಮೆ, ಆದರೆ ಕೈ ಕುದುರಲು ಕೆಲವು ತಿಂಗಳು ಬೇಕು ಎಂಬುದು ಅದರ ಸಾರ. ಒಂದೇ ತಿಂಗಳಿಗೆ ಬಿಡುವವರು ಇದನ್ನು ನೆನಪಿಡಬೇಕು.

ಸೋರಿದರೆ ಕಪ್ ಬದಲಿಸುವ ಮುಂಚೆ ಕಾರಣ ಹುಡುಕಿ. ಹಾಕಿದ ಅರ್ಧ ಗಂಟೆಯಲ್ಲೇ ಸೋರಿದರೆ ಮಡಿಕೆ ಬಿಚ್ಚಿಲ್ಲ. ಅರ್ಧವೂ ತುಂಬದೆ ಸೋರಿದರೆ ಗರ್ಭಕೋಶದ ಬಾಯಿ ಕಪ್ಪಿನೊಳಗಿಲ್ಲ, ಪಕ್ಕಕ್ಕಿದೆ. ಬೆರಳಿನಿಂದ ಹುಡುಕಿ ಕಪ್ಪನ್ನು ಆ ಕಡೆಗೆ ವಾಲಿಸಿ ಹಾಕಬೇಕು. ತುಂಬಿ ತುಳುಕಿದ್ದರೆ ಬೇಗ ಖಾಲಿ ಮಾಡಬೇಕಿತ್ತು, ಅಷ್ಟೆ. ಖಾಲಿ ಮಾಡಿ ಹಾಕಿದ ತಕ್ಷಣ ಎರಡು ಮೂರು ಹನಿ ಬಿದ್ದರೆ ಅದು ಒಳಗೋಡೆಗೆ ಅಂಟಿದ್ದ ರಕ್ತ, ಸೋರಿಕೆಯಲ್ಲ. ಮಲಬದ್ಧತೆಯೂ ಒಂದು ಕಾರಣ ಎಂದರೆ ಯಾರೂ ನಂಬುವುದಿಲ್ಲ. ಹಿಂದಿನ ಕರುಳು ತುಂಬಿ ಯೋನಿಯ ಗೋಡೆಯನ್ನು ಮುಂದಕ್ಕೆ ತಳ್ಳಿದಾಗ ಕಪ್ ಸೊಟ್ಟಗಾಗುತ್ತದೆ, ಹೆರಿಗೆಯ ನಂತರ ಕಬ್ಬಿಣದ ಮಾತ್ರೆ ನುಂಗುವವರಲ್ಲಿ ಇದು ಹೆಚ್ಚು. ಮತ್ತೊಂದು, ಅಂಚಿನ ಕೆಳಗಿನ ಪುಟ್ಟ ಗಾಳಿತೂತುಗಳು. ಅವು ಕಟ್ಟಿಕೊಂಡರೆ ಗಾಳಿ ಆಡದೆ ಕಪ್ ಸರಿಯಾಗಿ ಹಿಡಿಯುವುದಿಲ್ಲ, ತೆಗೆಯುವಾಗಲೂ ಸತಾಯಿಸುತ್ತದೆ. ಕಪ್ಪಿನಲ್ಲಿ ನೀರು ತುಂಬಿ ಬಾಯಿಯನ್ನು ಅಂಗೈಯಿಂದ ಮುಚ್ಚಿ ಹಿಂಡಿದರೆ ತೂತುಗಳಿಂದ ನೀರು ಚಿಮ್ಮಿ ಕಸ ಹೊರಬರುತ್ತದೆ.

ತೆಗೆಯುವ ಕ್ರಮ ತಿಳಿಯದೆ ಹೆದರಿ ಬಿಟ್ಟವರೇ ಜಾಸ್ತಿ. ಬಾಲ ಜಗ್ಗಿ ಎಳೆಯಬಾರದು. ಬಾಲ ಇರುವುದು ತಳ ಎಲ್ಲಿದೆ ಎಂದು ತೋರಿಸಲಿಕ್ಕೆ. ಕುಕ್ಕರಗಾಲಲ್ಲಿ ಕೂತು ಮಲಕ್ಕೆ ಮುಕ್ಕಿದಂತೆ ಸ್ವಲ್ಪವೇ ಮುಕ್ಕಿದರೆ ಕಪ್ ಕೆಳಗಿಳಿಯುತ್ತದೆ. ಹೆಬ್ಬೆರಳು, ತೋರುಬೆರಳಿಂದ ತಳವನ್ನು ಅದುಮಿ ಹಿಡಿದರೆ ಒಳಗೆ ಗಾಳಿ ಹೋಗಿ ಹಿಡಿತ ತಪ್ಪುತ್ತದೆ. ಅದುಮಿದ್ದನ್ನು ಬಿಡದೆ, ಒಂದು ಬದಿ ವಾಲಿಸಿ ಹೊರಗೆ ತರಬೇಕು. ಸಿಗಲಿಲ್ಲವೇ? ಗಾಬರಿ ಬೇಡ. ಗರ್ಭಕೋಶದ ಬಾಯಿಯ ರಂಧ್ರ ಬಹಳ ಕಿರಿದು, ಕಪ್ ಒಳಗೆ ಹೋಗಿ ಹೊಟ್ಟೆ ಸೇರುವ ಮಾತೇ ಇಲ್ಲ. ಅರ್ಧ ಗಂಟೆ ಓಡಾಡಿ ಮತ್ತೆ ಪ್ರಯತ್ನಿಸಿದರೆ ಸಿಗುತ್ತದೆ. ಗಾಬರಿಯಾದಷ್ಟೂ ಸ್ನಾಯು ಬಿಗಿಯುತ್ತದೆ. ಬಾಲ ಚುಚ್ಚುವವರು ಒಂದು ಮುಟ್ಟು ಪೂರ್ತಿ ನೋಡಿದ ಮೇಲೆಯೇ ಕತ್ತರಿಸಬೇಕು, ಕಪ್ಪಿನ ಒಡಲಿಗೆ ಕತ್ತರಿ ತಾಗಬಾರದು.

ಈ ವಿಷಯದಲ್ಲಿ ವಂಕಿ ಹಾಕಿಸಿಕೊಂಡವರು ಎರಡು ಪಟ್ಟು ಎಚ್ಚರ ಇರಬೇಕು. ನಮ್ಮ ಸರ್ಕಾರಿ ಆಸ್ಪತ್ರೆಗಳಲ್ಲಿ ಹೆರಿಗೆಯಾದ 48 ಗಂಟೆಯೊಳಗೆ ವಂಕಿ, ಅಂದರೆ ಕಾಪರ್-ಟಿ ಹಾಕುವುದು ರೂಢಿ. ಅದರ ದಾರ ಗರ್ಭಕೋಶದ ಬಾಯಿಯಿಂದ ಕೆಳಗೆ ಇಳಿದಿರುತ್ತದೆ. ಹಿಡಿತ ತಪ್ಪಿಸದೆ ಕಪ್ ಎಳೆದರೆ, ಅಥವಾ ಕಪ್ಪಿನ ಜೊತೆ ದಾರವನ್ನೂ ಅದುಮಿ ಹಿಡಿದು ಎಳೆದರೆ, ವಂಕಿಯೂ ಜಾರಬಹುದು. ಅದು ಜಾರಿದ್ದು ಗೊತ್ತಾಗದೆ ಮತ್ತೆ ಬಸಿರಾದರೆ ತಪ್ಪನ್ನು ವಂಕಿಯ ಮೇಲೆ ಹಾಕುತ್ತಾರೆ. 6ನೇ ವಾರದ ತಪಾಸಣೆಗೆ ಹೋದಾಗ ಕಪ್ ಬಳಸುತ್ತೇನೆ ಎಂದು ಬಾಯಿಬಿಟ್ಟು ಹೇಳಿ, ದಾರ ಮೋಟು ಮಾಡಿಸಿಕೊಳ್ಳಬೇಕು. ಪ್ರತಿ ಮುಟ್ಟಿನ ನಂತರ ದಾರ ಮೊದಲಿನಷ್ಟೇ ಇದೆಯೇ ಎಂದು ಬೆರಳಿನಿಂದ ನೋಡಿಕೊಳ್ಳಬೇಕು. ಉದ್ದವಾಗಿದ್ದರೆ, ಗಟ್ಟಿ ತುದಿ ತಾಕಿದರೆ, ದಾರವೇ ಸಿಗದಿದ್ದರೆ ಆಸ್ಪತ್ರೆಗೆ ಹೋಗಬೇಕು.

ಇನ್ನೊಂದು ಗುಂಪು, ಗರ್ಭಕೋಶ ಜಾರಿದವರದು. ಕೂತರೆ ಏನೋ ಹೊರಗೆ ಬಂದಂತೆ, ಸಂಜೆ ಹೊತ್ತಿಗೆ ಸೊಂಟ ಎಳೆದಂತೆ ಅನಿಸುವ ತಾಯಂದಿರು ಅದನ್ನು ಹೇಳಿಕೊಳ್ಳುವುದೇ ಅಪರೂಪ. ಕಬ್ಬಿನ ಗದ್ದೆಯಲ್ಲಿ ಹೊರೆ ಹೊರುವವರಲ್ಲಿ, ಬಾಣಂತನ ಸರಿಯಾಗಿ ಮುಗಿಯುವ ಮೊದಲೇ ಕೆಲಸಕ್ಕೆ ಇಳಿದವರಲ್ಲಿ ಇದನ್ನು ಕೇಳಿಯೇ ತಿಳಿಯಬೇಕು. ಹಾಕಿದ ಕಪ್ ಪದೇ ಪದೇ ಹೊರಗೆ ಬರುತ್ತಿದ್ದರೆ ಅದೂ ಒಂದು ಸೂಚನೆ. ಇವರು ಸ್ತ್ರೀರೋಗ ತಜ್ಞರಿಗೆ ತೋರಿಸದೆ ಕಪ್ ಹಾಕಬಾರದು. ಬಲವಾಗಿ ಎಳೆದರೆ ಜಾರಿಕೆ ಹೆಚ್ಚಬಹುದು. ಬಿಳಿಸೆರಗು ವಾಸನೆ ಬರುತ್ತಿದ್ದರೆ, ತುರಿಕೆ ಇದ್ದರೆ ಚಿಕಿತ್ಸೆ ಮುಗಿಯುವವರೆಗೆ ಕಪ್ ನಿಲ್ಲಿಸಿ. ಹಾಕಿದಾಗಲೆಲ್ಲ ಪಕ್ಕೆನೋವು ಬಂದರೆ ಕೂಡಲೇ ತೆಗೆದು ವೈದ್ಯರನ್ನು ಕಾಣಿ. ಕಪ್ ತಪ್ಪಾಗಿ ಕೂತು ಮೂತ್ರನಾಳ ಒತ್ತಿದ ಅಪರೂಪದ ಪ್ರಕರಣಗಳು ವರದಿಯಾಗಿವೆ. ಹಾಗೆಯೇ ಏಕಾಏಕಿ ಜೋರು ಜ್ವರ, ವಾಂತಿ, ಮೈಮೇಲೆ ಕೆಂಪು ದದ್ದು, ತಲೆಸುತ್ತು ಕಂಡರೆ ಕಪ್ ತೆಗೆದು ಅದೇ ಹೊತ್ತಿಗೆ ಆಸ್ಪತ್ರೆ ಸೇರಬೇಕು. ಬಹಳ ವಿರಳ, ಆದರೆ ತಡಮಾಡುವಂಥದ್ದಲ್ಲ.

ಸ್ವಚ್ಛತೆಗೆ ಬಂದರೆ ನಮ್ಮ ಜಿಲ್ಲೆಗಳಿಗೇ ವಿಶೇಷವಾದ ತೊಡಕು ನೀರಿನದು. ವಿಜಯಪುರ, ಬಾಗಲಕೋಟೆಯ ಬಹಳಷ್ಟು ಊರುಗಳ ಬೋರ್‌ವೆಲ್ ನೀರು ಗಡಸು. ಅದರಲ್ಲಿ ಕುದಿಸಿದ ಕಪ್ಪಿನ ಮೇಲೆ, ಪಾತ್ರೆಯ ತಳಕ್ಕೆ ಕೂರುವಂಥದೇ ಬಿಳಿ ಪದರ ಕೂತು ಒರಟಾಗುತ್ತದೆ, ಗಾಳಿತೂತು ಮುಚ್ಚುತ್ತದೆ. ಕುದಿಸಲು ಶುದ್ಧ ನೀರಿನ ಘಟಕದ ಕ್ಯಾನಿನ ನೀರು ಎರಡು ಲೋಟ ಸಾಕು. ಪ್ರತ್ಯೇಕ ಪುಟ್ಟ ಬೋಗುಣಿ ಇಟ್ಟುಕೊಳ್ಳಿ. ಕಪ್ ಪೂರ್ತಿ ಮುಳುಗಿರಬೇಕು, ತಳಕ್ಕೆ ತಾಗಬಾರದು. ಚಹ ಸೋಸುವ ಹಳೆಯ ಸ್ಟೀಲ್ ಜರಡಿಯಲ್ಲಿಟ್ಟು ಇಳಿಬಿಟ್ಟರೆ ಸರಿ. ನೀರು ಕುದಿ ಬಂದ ಮೇಲೆ 5 ನಿಮಿಷ. ಒಲೆಯ ಮೇಲಿಟ್ಟು ಮಗುವಿನ ಕಡೆ ಹೋದರೆ ನೀರು ಆರಿ ಕಪ್ ಸುಟ್ಟು ಹೋಗುತ್ತದೆ, ಮೊಬೈಲಿನಲ್ಲಿ ಗಂಟೆ ಇಡಿ. ಅಡುಗೆಮನೆಯಲ್ಲಿ ಕುದಿಸಲು ಅತ್ತೆಯವರು ಒಪ್ಪದಿದ್ದರೆ ಬಚ್ಚಲೊಲೆ ಇದ್ದೇ ಇದೆ. ಬೆಂಕಿಗೆ ಮೈಲಿಗೆ ಗೊತ್ತಿಲ್ಲ.

ಕುದಿಸುವುದು ಮುಟ್ಟು ಶುರುವಾಗುವಾಗ ಒಮ್ಮೆ, ಮುಗಿದ ಮೇಲೆ ಒಮ್ಮೆ. ನಡುವೆ ಖಾಲಿ ಮಾಡಿದಾಗ ತಣ್ಣೀರಲ್ಲಿ ತೊಳೆದು, ಬೇಕಿದ್ದರೆ ವಾಸನೆಯಿಲ್ಲದ ಸೋಪು ಹಚ್ಚಿ ಚೆನ್ನಾಗಿ ಜಾಲಿಸಿ ಹಾಕಿಕೊಳ್ಳುವುದು. ಮೊದಲೇ ಬಿಸಿನೀರು ಹಾಕಿದರೆ ರಕ್ತದ ಕಲೆ ಹಿಡಿದುಕೊಳ್ಳುತ್ತದೆ. ಡೆಟಾಲ್, ಸ್ಯಾವ್ಲಾನ್, ಬ್ಲೀಚಿಂಗ್ ಪುಡಿ ಬೇಡವೇ ಬೇಡ. ಒಣಗಿಸಿ ಹತ್ತಿ ಚೀಲದಲ್ಲಿಡಿ, ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿಯಲ್ಲಲ್ಲ. ಬಣ್ಣ ಮಾಸಿದರೆ ತೊಂದರೆಯಿಲ್ಲ. ಮೇಲ್ಮೈ ಅಂಟಂಟಾದರೆ, ಸೀಳಿದರೆ ಬಿಸಾಡಬೇಕು. ಚೆನ್ನಾಗಿಟ್ಟರೆ 5ರಿಂದ 10 ವರ್ಷ ಬಾಳುತ್ತದೆ.

ಹಣದ ಲೆಕ್ಕ ಉದ್ದ ಬೇಡ. ಒಂದು ಪ್ಯಾಡಿಗೆ 6 ರೂಪಾಯಿ, ತಿಂಗಳಿಗೆ 15 ಎಂದು ಹಿಡಿದರೂ ವರ್ಷಕ್ಕೆ 1,080 ರೂಪಾಯಿ. ಕಪ್ಪಿನ ಬೆಲೆ ಅದರ ಅರ್ಧಕ್ಕಿಂತ ಕಡಿಮೆಗೂ ಸಿಗುತ್ತದೆ. ಅದಕ್ಕಿಂತ ದೊಡ್ಡ ಅನುಕೂಲ ಸಮಯದ್ದು. ಬೆಳಿಗ್ಗೆ ಹಾಕಿದ ಕಪ್ 8ರಿಂದ 12 ಗಂಟೆ ಇರಬಹುದು. ತಿಕೋಟಾ ಕಡೆಯ ದ್ರಾಕ್ಷಿ ತೋಟದಲ್ಲಿ, ಗುಳೇದಗುಡ್ಡದ ಖಣದ ಮಗ್ಗದ ಮೇಲೆ, ನಿಪ್ಪಾಣಿಯಲ್ಲಿ ಬೀಡಿ ಕಟ್ಟುತ್ತ ದಿನವಿಡೀ ಕೂರುವ ಹೆಂಗಸಿಗೆ ಶೌಚಾಲಯ ಹುಡುಕಿ ಬಟ್ಟೆ ಬದಲಿಸುವ ಪಾಡು ತಪ್ಪುತ್ತದೆ. ಹೊರಗೆ ಖಾಲಿ ಮಾಡಬೇಕಾಗಿ ಬಂದರೆ ಒಂದು ಬಾಟಲಿ ನೀರು ಜೊತೆಗಿರಲಿ. ಕೈ ತೊಳೆಯದೆ ಮಾತ್ರ ಕಪ್ ಮುಟ್ಟಬೇಡಿ.

ಅಳತೆಗೆರೆ ಇರುವ ಕಪ್ ಇನ್ನೊಂದು ಉಪಕಾರ ಮಾಡುತ್ತದೆ. ಒಂದು ಮುಟ್ಟಿಗೆ 80 ಮಿಲಿಲೀಟರ್ ದಾಟಿದರೆ ಅತಿಸ್ರಾವ. ಬಹಳ ಹೋಗುತ್ತದೆ ಎಂಬ ಮಾತಿಗಿಂತ, ಮೂರು ದಿನ 25ರ ಕಪ್ ದಿನಕ್ಕೆ ಮೂರು ಸಲ ತುಂಬಿತು ಎಂಬ ಲೆಕ್ಕ ವೈದ್ಯರಿಗೆ ಬೇಗ ಅರ್ಥವಾಗುತ್ತದೆ. ವಂಕಿ ಹಾಕಿದ ಮೊದಲ ತಿಂಗಳುಗಳಲ್ಲಿ ರಕ್ತ ಹೆಚ್ಚು ಹೋಗುವುದುಂಟು. ಹೆರಿಗೆಯ ನಂತರ 180 ದಿನ ಕಬ್ಬಿಣದ ಮಾತ್ರೆ ನುಂಗಿ ಎಂದು ಕೊಡುವ ಆರೋಗ್ಯ ಇಲಾಖೆಗೆ, ಆ ಕಬ್ಬಿಣ ಎಷ್ಟು ಹೊರಗೆ ಹರಿಯುತ್ತಿದೆ ಎಂಬ ಲೆಕ್ಕವೂ ಬೇಡವೇ?

ಇಲಾಖೆಗೆ ನಮ್ಮ ಕೋರಿಕೆ ಹೊಸ ಯೋಜನೆಯದಲ್ಲ. ಆಶಾ ಕಾರ್ಯಕರ್ತೆ ಹೆರಿಗೆಯ ನಂತರ 42ನೇ ದಿನ ಮನೆಗೆ ಬರುತ್ತಾಳೆ, ಆಮೇಲೆ 3, 6, 9, 12, 15ನೇ ತಿಂಗಳಲ್ಲಿ ಮಗುವಿಗಾಗಿ ಬರುತ್ತಾಳೆ. ಮಗುವಿಗೆ ಒಂದೂವರೆ ತಿಂಗಳಿಗೆ ಮೊದಲ ಸುತ್ತಿನ ಲಸಿಕೆ ಹಾಕಿಸಲು ತಾಯಿಯೇ ಬರುತ್ತಾಳೆ. ಈ ಭೇಟಿಗಳಲ್ಲಿ ಮಗುವಿನ ತೂಕ ಬರೆಯುವಷ್ಟೇ ಸಹಜವಾಗಿ ತಾಯಿಗೆ ನಾಲ್ಕು ಪ್ರಶ್ನೆ ಕೇಳಲಿ: ಸ್ರಾವ ನಿಂತಿತೇ, ಹೊಲಿಗೆ ಮಾಯಿತೇ, ವಂಕಿ ಇದೆಯೇ, ಕೆಮ್ಮಿದರೆ ಮೂತ್ರ ಹೋಗುತ್ತದೆಯೇ. ಕೇರಳದ ಕುಂಬಳಂಗಿ ಪಂಚಾಯಿತಿ 2022ರಲ್ಲಿ ಪ್ಯಾಡ್‌ಮುಕ್ತ ಎಂದು ಘೋಷಣೆಯಾದದ್ದು ಹದಿನೆಂಟು ದಾಟಿದ ಹೆಂಗಸರಿಗೂ ಕಪ್ ಕೊಟ್ಟು, ಬಳಸುವುದನ್ನು ಕಲಿಸಿದ್ದರಿಂದ. ಬೆಳಗಾವಿ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳ ಪ್ರತಿ ಉಪಕೇಂದ್ರಕ್ಕೆ ತೋರಿಸಲು ಕುಳ್ಳಗಿನದೊಂದು, ಉದ್ದನೆಯದೊಂದು ಕಪ್, ಹಿಡಿತ ಹೇಗೆ ಕೂರುತ್ತದೆ, ಹೇಗೆ ತಪ್ಪುತ್ತದೆ ಎಂದು ಕಾಣಿಸಲು ಒಂದು ಗಾಜಿನ ಲೋಟ ಬೇಕು. ಆರೋಗ್ಯ ರಕ್ಷಾ ಸಮಿತಿಯ ಹಣದಲ್ಲಿ ಇಷ್ಟನ್ನು ಮುಂದಿನ ಲಸಿಕೆ ದಿನದೊಳಗೆ ಕೊಳ್ಳಬಹುದು.

— ತಾಯಿ-ಮಗು ಆರೈಕೆಯಲ್ಲಿ ಕೆಲಸ ಮಾಡುವ ಕೆಲವು ಶುಶ್ರೂಷಾಧಿಕಾರಿಯರು
ಬಾಗಲಕೋಟೆ ಜಿಲ್ಲೆ